ಕಾವೇರುವುದು, ಅಟಕುವುದು, ಬಂದ್ ಆಗುವುದು: ಗೇಮ್ ‘ಕ್ರ್ಯಾಶ್’ಗೆ ಪದಗಳು

ಮಾನ್ಯರೇ,

ಮಾಡ್ (ಗೇಮನ್ನು ಬದಲಿಸಲು ಹೊರಗಿನಿಂದ ಸೇರಿಸುವ ಫೈಲು) ಹಾಕಿದ ಗೇಮ್ ಆಡುವಾಗ ಕಂಪ್ಯೂಟರ್ ಕಾದು ನಿಂತುಹೋದರೆ ಏನು ಮಾಡಬೇಕೆಂಬುದನ್ನು ಕಲಬುರಗಿಯ ಕಾಲೇಜು ಹುಡುಗರಿಗಾಗಿ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ‘ಕ್ರ್ಯಾಶ್’ ಎಂಬ ಪದವನ್ನು ಹಾಗೆಯೇ ಇಟ್ಟುಕೊಳ್ಳಬಹುದೇ, ಅಥವಾ ಅದರೊಳಗೆ ಸೇರಿಕೊಂಡಿರುವ ಬೇರೆ ಬೇರೆ ಕ್ರಿಯೆಗಳಿಗೆ ಈ ಭಾಗದ ಆಡುಮಾತಿನಿಂದಲೇ ಬೇರೆ ಬೇರೆ ಪದಗಳನ್ನು ಆರಿಸಬೇಕೇ ಎಂಬ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ. ನನ್ನ ಒಲವು ಎರಡನೆಯದರ ಕಡೆಗಿದೆ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗುತ್ತದೆ.

ಹುಡುಗನೊಬ್ಬ ‘ಗೇಮ್ ಕ್ರ್ಯಾಶ್ ಆಗ್ಲಾಕತ್ತದ’ ಎಂದರೆ ನಿಜವಾಗಿ ಏನಾಯಿತೆಂದು ತಿಳಿಯುವುದಿಲ್ಲ. ಗೇಮ್ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸಿಕೊಂಡಿರಬಹುದು. ಪರದೆಯ ಮೇಲಿನ ಚಿತ್ರ ಕದಲದೆ ನಿಂತು, ಕೊನೆಯ ಸದ್ದಿನ ಒಂದು ತುಣುಕು ಮತ್ತೆ ಮತ್ತೆ ಕೇಳುತ್ತ, ಮೌಸ್ ಕೂಡ ಅಲ್ಲಾಡದೆ ಹೋಗಿರಬಹುದು. ಅಥವಾ ಕರೆಂಟ್ ಹೋದಂತೆ ಇಡೀ ಯಂತ್ರವೇ ಒಮ್ಮೆಲೇ ಆರಿಹೋಗಿರಬಹುದು. ಗೇಮ್ ಮಾತ್ರ ಮುಚ್ಚಿಕೊಂಡಿದ್ದರೆ ಹೆಚ್ಚಾಗಿ ಒಂದು ಮಾಡ್ ಇನ್ನೊಂದಕ್ಕೆ ಹೊಂದದಿರುವುದು, ಅವುಗಳನ್ನು ಲೋಡ್ ಮಾಡುವ ಕ್ರಮ ತಪ್ಪಿರುವುದು, ಇಲ್ಲವೇ ಗೇಮ್ ಅಪ್‌ಡೇಟ್ ಆಗಿ ಮಾಡ್ ಹಳೆಯದಾಗಿ ಉಳಿದಿರುವುದು ಕಾರಣ. ಇಡೀ ಯಂತ್ರ ಆರಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಾವನ್ನು, ಆಮೇಲೆ ಯಂತ್ರದೊಳಗೆ ಕರೆಂಟ್ ಹಂಚುವ ಪವರ್ ಸಪ್ಲೈಯನ್ನು. ಯಂತ್ರದಲ್ಲಿ ಆದದ್ದನ್ನು ಬರೆದಿಡುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಇಂಥ ಹಠಾತ್ ನಿಲುಗಡೆ ‘ಕರ್ನೆಲ್-ಪವರ್ 41’ ಎಂದು ದಾಖಲಾಗುತ್ತದೆ. ಆದರೆ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಎಲ್ಲಕ್ಕೂ ಒಂದೇ ಪದ ಬಳಸುವುದರಿಂದಾಗಿ, ಪ್ರೊಸೆಸರಿನ ಬಿಸಿ ಹೀರುವ ಹೀಟ್ ಸಿಂಕಿನ ತೆಳು ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಕೂತಿರುವಾಗ ಒಬ್ಬ ಮಾಡ್‌ಗಳನ್ನು ಒಂದೊಂದಾಗಿ ತೆಗೆಯುತ್ತಾನೆ. ಇನ್ನೊಬ್ಬ ಕೆಟ್ಟ ಮಾಡ್ ಒಂದನ್ನು ಹಾಗೆಯೇ ಬಿಟ್ಟು ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೀಟ್ ಸಿಂಕಿಗೆ ದಾಟಿಸುವ ಲೇಪ) ಬದಲಿಸಲು ದುಡ್ಡು ಕೊಟ್ಟು ಬರುತ್ತಾನೆ.

ಈ ವ್ಯತ್ಯಾಸಗಳಿಗೆ ಇಲ್ಲಿನ ಮಾತಿನಲ್ಲಿ ಪದಗಳು ಆಗಲೇ ಇವೆ. ಗೇಮ್ ಮಾತ್ರ ಮುಚ್ಚಿಕೊಂಡರೆ ‘ಹೊರಗ ಒಗೀತು’ ಎನ್ನುವುದನ್ನು ಕೇಳಿದ್ದೇನೆ. ಚಿತ್ರ ಕದಲದೆ ನಿಂತರೆ ‘ಅಟಕ್ ಆಯ್ತು’. ಯಂತ್ರವೇ ಆರಿದರೆ ‘ಬಂದ್ ಆಯ್ತು’. ಇಲ್ಲಿ ‘ಬಂದ್ ಆಗು’ ಮತ್ತು ‘ಬಂದ್ ಬೀಳು’ ಎರಡನ್ನೂ ಬೆರೆಸಬಾರದೆಂದು ನನ್ನ ಅನಿಸಿಕೆ: ನಗರದ ಹಳೆಯ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ಲಿನ ವಿಷಯದಲ್ಲಿ ‘ಗಿರಣಿ ಬಂದ್ ಬಿತ್ತು’ ಎಂದರೆ ಮತ್ತೆ ತೆರೆಯಲಿಲ್ಲ ಎಂಬ ಅರ್ಥ ಬರುತ್ತದೆ, ಆದರೆ ಕಾದು ಆರಿದ ಕಂಪ್ಯೂಟರ್ ತಣ್ಣಗಾದ ಮೇಲೆ ಸಾಮಾನ್ಯವಾಗಿ ಮತ್ತೆ ಹೊತ್ತಿಕೊಳ್ಳುತ್ತದೆ.

ಹೆಚ್ಚು ತೊಡಕಿರುವುದು ಬಿಸಿಯ ಪದಗಳಲ್ಲಿ. ‘ಗರಂ ಆಗ್ಯಾದ’ ಎಂಬುದು ಮನೆಮನೆಯ ಮಾತಾದರೂ, ಪತ್ರಿಕೆಗಳು ಅದನ್ನು ಸಿಟ್ಟಿಗೆ ಮೀಸಲಿಟ್ಟುಬಿಟ್ಟಿವೆ. ‘ಕಾಯು’ ಅಚ್ಚಗನ್ನಡದ ಪದ. ರೊಟ್ಟಿಯ ಹಂಚು ‘ಕಾಯ್ದಾದ’ ಎಂದರೆ ಇಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ‘ಪ್ರೊಸೆಸರ್ ಕಾಯುತ್ತಿದೆ’ ಎಂದು ಬರೆದರೆ, ಯಾವುದಕ್ಕಾಗಿ ಕಾಯುತ್ತಿದೆ ಎಂದು ಓದುಗ ಕೇಳಬಹುದು, ಮತ್ತು ಪ್ರೊಸೆಸರ್ ಮೆಮೊರಿಯಿಂದ ಮಾಹಿತಿ ಬರುವವರೆಗೆ ನಿಜವಾಗಿಯೂ ಕಾಯುವುದರಿಂದ ಆ ಪ್ರಶ್ನೆ ತಪ್ಪೂ ಅಲ್ಲ. ಹೀಗಾಗಿ ‘ಕಾವೇರುವುದು’ ಎಂಬ ರೂಪ ನನಗೆ ಹಿಡಿಸಿದೆ, ಚುನಾವಣೆಯ ಸುದ್ದಿಗಳಲ್ಲಿ ಅದು ಎಷ್ಟೇ ಸವೆದಿದ್ದರೂ. ಕೋಣೆಯ ಬಿಸಿಗೆ ‘ಝಳ’ ಎಂದೂ ಯಂತ್ರದೊಳಗಿನ ಬಿಸಿಗೆ ‘ಕಾವು’ ಎಂದೂ ಬೇರ್ಪಡಿಸಿದರೆ ಒಂದು ಮುಖ್ಯ ಸಂಗತಿಯನ್ನು ಸುಲಭವಾಗಿ ಹೇಳಬಹುದು: ಫ್ಯಾನ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ಆದ್ದರಿಂದ ಝಳ 28 ಡಿಗ್ರಿಯಿಂದ 38ಕ್ಕೆ ಏರಿದರೆ ಒಳಗಿನ ಕಾವೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳುಗಳಲ್ಲಿ, ಡಿಸೆಂಬರಿನಲ್ಲಿ ತೊಂದರೆ ಕೊಡದ ಅದೇ ಗೇಮ್ ಯಂತ್ರವನ್ನು ಬಂದ್ ಮಾಡುವುದಕ್ಕೆ ಇದೇ ಕಾರಣ.

ಈಗಿನ ಬಹುಪಾಲು ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿಯ ಆಸುಪಾಸಿನಲ್ಲಿದೆ. ಅದನ್ನು ಮುಟ್ಟಿದಾಗ ಅವು ಮೊದಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ, ಆಗಲೂ ಕಾವು ಏರುತ್ತಲೇ ಹೋದರೆ ಯಂತ್ರ ತಾನಾಗಿ ಆರುತ್ತದೆ. ಈ ಮೊದಲ ಹಂತಕ್ಕೆ ‘ಸಾವಕಾಶವಾಗುವುದು’ ಎಂದು ಬರೆದಿದ್ದೇನೆ. ಗೇಮ್ ಆಡುತ್ತ ಹೋದಂತೆ ಸಾವಕಾಶವಾಗಿ, ಆಮೇಲೆ ಬಂದ್ ಆದರೆ ಅದು ಕಾವಿನ ಕೆಲಸವೆಂದು ಬಹುಮಟ್ಟಿಗೆ ಹೇಳಬಹುದು. ಸಾವಕಾಶವಾಗದೆ ಪ್ರತಿ ಬಾರಿಯೂ ಗೇಮಿನ ಒಂದೇ ಜಾಗದಲ್ಲಿ ಹೊರಗೆ ಒಗೆದರೆ ಮಾಡ್‌ಗಳ ಪಟ್ಟಿಯನ್ನೇ ನೋಡಬೇಕು. ಎರಡೂ ಕೂಡಿ ಬರುವುದೂ ಉಂಟು. ಬೆಳಕು, ನೆರಳುಗಳನ್ನು ಬದಲಿಸುವ ಮಾಡ್‌ಗಳು ಗ್ರಾಫಿಕ್ಸ್ ಕಾರ್ಡಿನ ಹೊರೆ ಹೆಚ್ಚಿಸಿ ಕಾವೇರಿಸುತ್ತವೆ. ಅಂಥಲ್ಲಿ ಮಾಡ್ ತೆಗೆಯುವ ಮೊದಲು ಫ್ರೇಮ್ ದರವನ್ನು (ಪರದೆಯ ಮೇಲೆ ಚಿತ್ರ ಬದಲಾಗುವ ವೇಗವನ್ನು) ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿ ನೋಡುವುದು ಲೇಸು.

‘ಮಾಡ್’ ಎಂಬ ಪದದ ಬಗೆಗೂ ಒಂದು ಮಾತು. ‘ಮಾಡ್ ಮಾಡ್ಯಾನ’ ಎಂಬಲ್ಲಿ ಕ್ರಿಯಾಪದ ಯಾವುದು, ನಾಮಪದ ಯಾವುದು ಎಂದು ತಡಕಾಡಬೇಕಾಗುತ್ತದೆ; ‘ಮೋಡ್’ ಎಂದು ಬರೆದರೆ ಗೇಮಿನಲ್ಲೇ ಇರುವ ಬೇರೆ ಬೇರೆ ‘ಮೋಡ್’ಗಳ ಜೊತೆ ಗೊಂದಲ. ‘ಮಾರ್ಪಾಟು’ ಅರ್ಥಕ್ಕೆ ಸರಿಯಾಗಿದ್ದರೂ ಯಾವ ಹುಡುಗನೂ ಅದನ್ನು ಆಡಲಾರ. ಆದ್ದರಿಂದ ‘ಮಾಡ್ ಹಾಕು’, ‘ಮಾಡ್ ತೆಗಿ’ ಎಂಬ ಬಳಕೆಯನ್ನೇ ಉಳಿಸಿಕೊಂಡಿದ್ದೇನೆ.

ಬೀದರ್ ಮತ್ತು ಯಾದಗಿರಿಯ ಕಡೆಯವರು, ಗೇಮ್ ಮಾತ್ರ ಮುಚ್ಚಿಕೊಳ್ಳುವುದಕ್ಕೆ ‘ಒಗಿ’ ಬಿಟ್ಟು ಬೇರೆ ಪದ ಬಳಸುತ್ತಾರೆಯೇ ಎಂದು ದಯವಿಟ್ಟು ತಿಳಿಸಬೇಕು. ಮೈಸೂರು ಕಡೆ ‘ಒಗೆ’ ಎಂದರೆ ಮೊದಲು ಬಟ್ಟೆಯ ನೆನಪಾಗುವುದರಿಂದ, ಅಲ್ಲಿನವರಿಗೆ ‘ಗೇಮ್ ಹೊರಗೆ ಒಗೆಯಿತು’ ಎಂಬ ವಾಕ್ಯ ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ, ಅಥವಾ ‘ಹೊರದಬ್ಬಿತು’ ಎಂದು ಬದಲಿಸಬೇಕೇ ಎಂಬುದೂ ನನಗೆ ತಿಳಿಯಬೇಕಾಗಿದೆ.