ಸ್ನೋಬೋರ್ಡಿಂಗ್ ಪ್ರವಾಸಕ್ಕೆ ವೀಸಾಕ್ಕೆಂದು ಮಾಡಿಸಿದ ವಿಮೆಯೇ ಸಾಕಾಗುತ್ತದೆಯೇ?

ಪ್ರಶ್ನೆ: ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಶರಣು. ನನ್ನ ತಮ್ಮ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೌಕರಿಯಲ್ಲಿದ್ದಾನೆ. ಬರುವ ಫೆಬ್ರವರಿಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಇಂಜಿನಿಯರಿಂಗ್ ಓದುತ್ತಿರುವ ಮಗ ಹೈದರಾಬಾದಿನಿಂದ ವಿಮಾನ ಹಿಡಿದು ಅವನ ಮನೆಗೆ ಹೋಗಿ, ಅಲ್ಲಿಂದ ಎಲ್ಲರೂ ಕೂಡಿ ಇಟಲಿಯ ಡೊಲೊಮೈಟ್ಸ್ ಪರ್ವತಗಳಲ್ಲಿ ಒಂದು ವಾರ ಸ್ನೋಬೋರ್ಡಿಂಗ್, ಅಂದರೆ ಒಂದು ಹಲಗೆಯ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಕಲಿಯಬೇಕೆಂದು ಯೋಜಿಸಿದ್ದೇವೆ. ನಾವು ಮೂವರೂ ಇದುವರೆಗೆ ಹಿಮದ ಮೇಲೆ ಕಾಲಿಟ್ಟವರಲ್ಲ. ಆದ್ದರಿಂದ ಬೀಳುವುದಂತೂ ಖಚಿತವೆಂದೇ ತಿಳಿದು ಸಿದ್ಧತೆ ಮಾಡಿಕೊಳ್ಳುತ್ತಿದ್ದೇನೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾಕ್ಕಾಗಿ ಇಲ್ಲಿನ ಟ್ರಾವೆಲ್ ಏಜೆಂಟರು ಒಂದು ಪ್ರಯಾಣ ವಿಮೆಯನ್ನು ಸೂಚಿಸಿದ್ದಾರೆ. ವೈದ್ಯಕೀಯ ವೆಚ್ಚಕ್ಕೆ 30,000 ಯೂರೋ, ಬ್ಯಾಗು ಕಳೆದರೆ ಇಷ್ಟು, ವಿಮಾನ ತಡವಾದರೆ ಇಷ್ಟು ಎಂದು ಕರಪತ್ರದಲ್ಲಿದೆ. ‘ಎಲ್ಲಾ ಕವರ್ ಆಗ್ತದ್ರಿ ಮೇಡಂ’ ಎಂದು ಅವರು ಭರವಸೆ ಕೊಡುತ್ತಾರೆ. ಆದರೆ ಆ ಕರಪತ್ರದಲ್ಲಿ ಸ್ನೋಬೋರ್ಡಿಂಗ್ ಎಂಬ ಹೆಸರು ನನಗೆ ಎಲ್ಲಿಯೂ ಕಾಣಲಿಲ್ಲ. ಯಜಮಾನರಿಗೆ ಶುಗರ್ ಇದೆ. ಮನೆಯಲ್ಲಿ ಇಡೀ ಕುಟುಂಬಕ್ಕೆ ಸೇರಿಸಿ ಮಾಡಿಸಿದ ಫ್ಯಾಮಿಲಿ ಫ್ಲೋಟರ್ ಆರೋಗ್ಯ ವಿಮೆಯೂ ಇದೆ, ಅದು ಇಂಥ ಸಂದರ್ಭದಲ್ಲಿ ಉಪಯೋಗಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯದು. ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಕಾರಂಜಾ, ಬೀದರ

ಮೇಡಂ, ನಾನು ಸಾಮಾನ್ಯ ವಿಮೆಯ ಕೆಲಸದಲ್ಲಿರುವವನು. ನಿಮಗೆ ಬಂದಿರುವ ಸಂಶಯ ಸರಿಯಾಗಿಯೇ ಇದೆ. 30,000 ಯೂರೋ ಎಂಬುದು ಷೆಂಗೆನ್ ವೀಸಾ ನಿಯಮ ಕೇಳುವ ಕನಿಷ್ಠ ಮೊತ್ತ. ತುರ್ತು ಚಿಕಿತ್ಸೆ, ಆಸ್ಪತ್ರೆಯ ಖರ್ಚು, ರೋಗಿಯನ್ನಾಗಲಿ ಮೃತದೇಹವನ್ನಾಗಲಿ ಸ್ವದೇಶಕ್ಕೆ ತರುವ ಖರ್ಚು ಅದರಲ್ಲಿ ಸೇರಿರಬೇಕು ಮತ್ತು ನೀವು ತಂಗುವ ಅಷ್ಟೂ ದಿನ ಎಲ್ಲ ಷೆಂಗೆನ್ ದೇಶಗಳಲ್ಲೂ ಪಾಲಿಸಿ ಚಾಲ್ತಿಯಲ್ಲಿರಬೇಕು. ವೀಸಾ ಅಧಿಕಾರಿ ನೋಡುವುದು ಇಷ್ಟನ್ನೇ. ನೀವು ಅಲ್ಲಿ ಮ್ಯೂಸಿಯಂ ನೋಡುತ್ತೀರೋ, ಹಿಮದ ಇಳಿಜಾರಿನಲ್ಲಿ ಜಾರುತ್ತೀರೋ ಎಂಬುದು ಅವರಿಗೆ ಸಂಬಂಧಿಸಿದ್ದಲ್ಲ. ಆದರೆ ಕ್ಲೇಮು ಬಂದ ದಿನ ವಿಮಾ ಕಂಪನಿಯು ಮೊದಲು ಕೇಳುವ ಪ್ರಶ್ನೆಯೇ ಅದು.

ಕರಪತ್ರವನ್ನು ಬದಿಗಿಟ್ಟು, ಕಂಪನಿಯ ವೆಬ್‌ಸೈಟಿನಿಂದ ಪಾಲಿಸಿಯ ಪೂರ್ಣ ನಿಯಮಾವಳಿಯನ್ನು, ಅಂದರೆ ಪಾಲಿಸಿ ವರ್ಡಿಂಗ್ ಎಂದು ಕರೆಯುವ ದಾಖಲೆಯನ್ನು, ಇಳಿಸಿಕೊಂಡು ‘ಎಕ್ಸ್‌ಕ್ಲೂಷನ್ಸ್’, ಅಂದರೆ ಯಾವುದಕ್ಕೆ ಪರಿಹಾರವಿಲ್ಲ ಎಂದು ತಿಳಿಸುವ ಭಾಗವನ್ನು ಓದಿರಿ. ಅಪಾಯಕಾರಿ ಮತ್ತು ಸಾಹಸ ಕ್ರೀಡೆಗಳಿಂದಾದ ಗಾಯಕ್ಕೆ ಪರಿಹಾರವಿಲ್ಲ ಎಂದು ಸಾರಾಸಗಟಾಗಿ ಬರೆದಿರುವ ಪಾಲಿಸಿಗಳೇ ಅಗ್ಗದವುಗಳಲ್ಲಿ ಹೆಚ್ಚು. ಕೆಲವು ಕಂಪನಿಗಳು ಹೆಚ್ಚುವರಿ ಪ್ರೀಮಿಯಂ ಪಡೆದು ಸಾಹಸ ಕ್ರೀಡೆಯ ಆಡ್-ಆನ್ ಕೊಡುತ್ತವೆ. ಅಲ್ಲಿಯೂ ಷರತ್ತುಗಳಿರುತ್ತವೆ: ಹವ್ಯಾಸಕ್ಕಾಗಿ ಆಡುವವರಾಗಿರಬೇಕು, ತರಬೇತಿ ಪಡೆದ ಬೋಧಕರ ಮೇಲ್ವಿಚಾರಣೆಯಲ್ಲಿರಬೇಕು, ಸ್ಪರ್ಧೆಯಾಗಿರಬಾರದು, ಗುರುತು ಹಾಕಿದ ಇಳಿಜಾರನ್ನು ಬಿಟ್ಟು ಹೊರಗೆ ಹೋಗಿರಬಾರದು. ಬೋಧಕರ ಷರತ್ತನ್ನು ವಿಶೇಷವಾಗಿ ಗಮನಿಸಿರಿ. ಬೆಳಿಗ್ಗೆ ಪಾಠ ಮುಗಿಸಿ ಮಧ್ಯಾಹ್ನ ಮಗ ಮಾವನ ಜೊತೆ ತಾನಾಗಿಯೇ ಅಭ್ಯಾಸಕ್ಕೆ ಹೋಗಿ ಬಿದ್ದರೆ, ಆ ಷರತ್ತಿರುವ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ.

ಮೊತ್ತದ ಬಗ್ಗೆಯೂ ನನ್ನ ಅಭಿಪ್ರಾಯ ಖಚಿತವಾಗಿದೆ. ಪರ್ವತಕ್ಕೆ ಹೋಗುವವರು ಕನಿಷ್ಠ 1 ಲಕ್ಷ ಡಾಲರಿನ ಪಾಲಿಸಿಯನ್ನಾದರೂ ತೆಗೆದುಕೊಳ್ಳಬೇಕು. ತಲೆಗೋ ಬೆನ್ನುಹುರಿಗೋ ಪೆಟ್ಟಾದವರನ್ನು ಸ್ಟ್ರೆಚರ್ ಮೇಲೆ ಭಾರತಕ್ಕೆ ತರಬೇಕಾದರೆ ವಿಮಾನದಲ್ಲಿ ಹಲವು ಸೀಟುಗಳನ್ನು ತೆಗೆದುಕೊಳ್ಳಬೇಕಾಗುತ್ತದೆ, ಜೊತೆಗೊಬ್ಬ ವೈದ್ಯರೋ ನರ್ಸೋ ಇರಬೇಕಾಗುತ್ತದೆ. ಇಳಿಜಾರಿನಿಂದ ಕೆಳಗೆ ತರುವ ಖರ್ಚೂ ಬೇರೆ. ಮ್ಯೂನಿಕ್‌ನಿಂದ ಡೊಲೊಮೈಟ್ಸ್‌ಗೆ ಹೋಗುವ ದಾರಿ ಆಸ್ಟ್ರಿಯಾದ ಮೂಲಕವೇ ಹಾದುಹೋಗುವುದರಿಂದ ಒಂದು ದಿನ ಅಲ್ಲಿಯೂ ಆಡೋಣವೆಂದು ನಿಮ್ಮ ತಮ್ಮ ಹೇಳಬಹುದು. ಮೋಜಿನ ಕ್ರೀಡೆಯಲ್ಲಿ ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದರೆ ಅಲ್ಲಿ ಸಾಮಾನ್ಯವಾಗಿ ಬಿಲ್ಲು ಗಾಯಾಳುವಿನ ಹೆಸರಿಗೇ ಬರುತ್ತದೆ. ಆದ್ದರಿಂದ ಪರ್ವತ ರಕ್ಷಣೆ ಮತ್ತು ಹೆಲಿಕಾಪ್ಟರ್ ವೆಚ್ಚ ಒಳಗೊಂಡಿದೆಯೇ ಎಂದು ಪ್ರತ್ಯೇಕವಾಗಿಯೇ ಕೇಳಿರಿ. ಆಂಬುಲೆನ್ಸ್ ಇದೆ ಎಂದಷ್ಟೇ ಹೇಳಿದರೆ ಒಪ್ಪಿಕೊಳ್ಳಬೇಡಿರಿ.

ಇಟಲಿಯಲ್ಲಿ ಇನ್ನೊಂದು ಕಡ್ಡಾಯವಿದೆ. 2022ರ ಜನವರಿ 1ರಿಂದ ಅಲ್ಲಿನ ಇಳಿಜಾರುಗಳಲ್ಲಿ ಸ್ಕೀ ಅಥವಾ ಸ್ನೋಬೋರ್ಡ್ ಮಾಡುವ ಪ್ರತಿಯೊಬ್ಬರ ಬಳಿಯೂ ಇತರರಿಗೆ ಉಂಟುಮಾಡುವ ಹಾನಿಗೆ ಸಂಬಂಧಿಸಿದ ಹೊಣೆಗಾರಿಕೆ ವಿಮೆ ಇರಲೇಬೇಕು. ಇಲ್ಲದಿದ್ದರೆ 100ರಿಂದ 150 ಯೂರೋ ದಂಡ ಬೀಳುವುದಲ್ಲದೆ ಸ್ಕೀ ಪಾಸನ್ನೂ (ಇಳಿಜಾರಿನ ಲಿಫ್ಟ್ ಬಳಸುವ ಚೀಟಿಯನ್ನೂ) ಹಿಂಪಡೆಯಬಹುದು. 2025ರ ನವೆಂಬರಿನಿಂದ ಹೆಲ್ಮೆಟ್ ಕೂಡ ಎಲ್ಲ ವಯಸ್ಸಿನವರಿಗೂ ಕಡ್ಡಾಯವಾಗಿದೆ. ಭಾರತೀಯ ಪಾಲಿಸಿಗಳಲ್ಲಿ ‘ಪರ್ಸನಲ್ ಲಯಬಿಲಿಟಿ’ ಎಂಬ ವಿಭಾಗ ಇರುವುದುಂಟು, ಆದರೆ ಸಾಹಸ ಕ್ರೀಡೆಗೆ ಪರಿಹಾರವಿಲ್ಲವೆಂಬ ಷರತ್ತು ಅದಕ್ಕೂ ಅನ್ವಯಿಸಿದರೆ ಅದರಿಂದ ಪ್ರಯೋಜನವಿಲ್ಲ. ಸ್ಕೀ ಪಾಸ್ ಕೊಳ್ಳುವಾಗ ಅದೇ ಕೌಂಟರಿನಲ್ಲಿ ದಿನಕ್ಕೆ ಕೆಲವೇ ಯೂರೋಗಳಿಗೆ ಈ ವಿಮೆ ಸಿಗುತ್ತದೆ, ಅದನ್ನೇ ಮಾಡಿಸುವುದು ಒಳ್ಳೆಯದು. ಆದರೆ ಈ ಕಡ್ಡಾಯ ವಿಮೆ ನಿಮ್ಮಿಂದ ಪೆಟ್ಟು ತಿಂದವರಿಗಾಗಿ ಇರುವುದು. ನಿಮ್ಮದೇ ಮೂಳೆ ಮುರಿದರೆ ಅದನ್ನು ನಂಬಿಕೊಳ್ಳಬಾರದು.

ಉತ್ತರ: ಎಲುಬು-ಕೀಲು ವೈದ್ಯ, ಕಲಬುರಗಿ

ಬೀದರಿನ ಮಿತ್ರರು ಬರೆದುದಕ್ಕೆ ವೈದ್ಯಕೀಯ ದೃಷ್ಟಿಯಿಂದ ಸ್ವಲ್ಪ ಸೇರಿಸುತ್ತೇನೆ. ಎರಡು ಕಾಲಿಗೆ ಎರಡು ಪ್ರತ್ಯೇಕ ಪಟ್ಟಿ ಕಟ್ಟಿಕೊಂಡು ಸ್ಕೀ ಮಾಡುವವರಲ್ಲಿ ಮೊಣಕಾಲಿನ ಗಾಯ ಹೆಚ್ಚಾದರೆ, ಸ್ನೋಬೋರ್ಡಿಂಗ್ ಕಲಿಯುವವರಲ್ಲಿ ಮುರಿಯುವುದು ಮುಖ್ಯವಾಗಿ ಮಣಿಕಟ್ಟು. ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುವುದರಿಂದ ತೋಲ ತಪ್ಪಿದಾಗ ಮನುಷ್ಯ ತಾನಾಗಿಯೇ ಕೈ ಚಾಚುತ್ತಾನೆ, ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಮಣಿಕಟ್ಟಿಗೆ ರಕ್ಷಕ ಪಟ್ಟಿ ಧರಿಸಿದರೆ ಈ ಅಪಾಯ ಗಣನೀಯವಾಗಿ ಕಡಿಮೆಯಾಗುತ್ತದೆ, ಮೂವರೂ ಧರಿಸಿರಿ.

ವಿಮೆಗೆ ಇದರ ಸಂಬಂಧವೇನೆಂದರೆ, ಪ್ರಯಾಣ ವಿಮೆಗಳು ಊರಿಗೆ ಮರಳುವವರೆಗೆ ಮುಂದೂಡಲಾಗದ ಚಿಕಿತ್ಸೆಗೆ ಮಾತ್ರ ಹಣ ಕೊಡುವುದು ರೂಢಿ. ಮಣಿಕಟ್ಟಿನ ಕೆಲವು ಮುರಿತಗಳಿಗೆ ಅಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಇಲ್ಲಿ ಕೆಲವು ದಿನಗಳೊಳಗೆ ಪ್ಲೇಟ್ ಹಾಕಿಸಿಕೊಳ್ಳಲು ಸಾಧ್ಯವಿರುತ್ತದೆ. ಶಸ್ತ್ರಚಿಕಿತ್ಸೆ ಅಲ್ಲೇ ಆಗಬೇಕೆಂದು ಆ ವೈದ್ಯರು ಹೇಳಿದರೆ, ಏಕೆ ತಡಮಾಡಬಾರದು ಎಂಬುದನ್ನು ಅವರಿಂದ ಬರೆಸಿಕೊಳ್ಳಿರಿ ಮತ್ತು ವಿಮಾ ಕಂಪನಿಯ ಸಹಾಯವಾಣಿಯಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಹೊಸದಾಗಿ ಹಾಕಿದ ಪ್ಲಾಸ್ಟರಿನೊಳಗೆ ಕೈ ಊದಿಕೊಳ್ಳುವ ಭಯವಿರುವುದರಿಂದ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ 24ರಿಂದ 48 ಗಂಟೆ ಕಾಯಲು ಹೇಳುತ್ತವೆ, ಆಗ ಟಿಕೆಟ್ಟಿನ ದಿನಾಂಕ ಬದಲಿಸಿದ ಖರ್ಚನ್ನು ಪಾಲಿಸಿ ಕೊಡುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಯಜಮಾನರ ಶುಗರನ್ನು ಅರ್ಜಿಯಲ್ಲಿ ತಪ್ಪದೆ ತಿಳಿಸಿರಿ. ಅದನ್ನು ಮುಚ್ಚಿಟ್ಟರೆ, ಮುರಿದ ಕೈಗೆ ಸಲ್ಲಬೇಕಾದ ಕ್ಲೇಮಿಗೂ ತಕರಾರು ಬರುವ ಸಂಭವವಿದೆ.

ಉತ್ತರ: ಭೀಮಾತೀರ, ಯಾದಗಿರಿ

ಅಕ್ಕಾವರೇ, ನನ್ನ ಸೋದರತ್ತೆಯ ಮಗ ಗುಲ್ಮರ್ಗ್‌ನಲ್ಲಿ ಸ್ನೋಬೋರ್ಡಿಂಗ್ ಕಲಿಯುವಾಗ ಭುಜ ಮುರಿದುಕೊಂಡಿದ್ದ. ಟ್ಯಾಕ್ಸಿಯಲ್ಲಿ ತಂಗ್‌ಮರ್ಗ್‌ಗೆ ಇಳಿಸಿ, ಅಲ್ಲಿಂದ ಶ್ರೀನಗರದ ಆಸ್ಪತ್ರೆಗೆ ಸೇರಿಸಿದರು. ಚಿಕಿತ್ಸೆಯೇನೋ ಚೆನ್ನಾಗಿ ಆಯಿತು, ಆದರೆ ಅವನ ವಿಮಾ ಕಂಪನಿಯು ‘ಬೋಧಕರಿದ್ದರು ಎಂಬುದಕ್ಕೆ ಪುರಾವೆ ಕೊಡಿ’ ಎಂದು ತಿಂಗಳುಗಟ್ಟಲೆ ಅಲೆದಾಡಿಸಿತು. ಕೊನೆಗೆ ಕೆಲಸಕ್ಕೆ ಬಂದದ್ದು ತರಬೇತಿ ಶುಲ್ಕದ ರಸೀದಿ ಮತ್ತು ಬೋಧಕರು ಅದೇ ಸಂಜೆ ಕೊಟ್ಟಿದ್ದ ನಾಲ್ಕು ಸಾಲಿನ ಚೀಟಿ.

ನಮ್ಮ ಭಾಗದ ತೊಗರಿ ಬೆಳೆಗಾರರು ಬೆಳೆ ಹಾನಿಯನ್ನು 72 ಗಂಟೆಯೊಳಗೆ ತಿಳಿಸದಿದ್ದರೆ ಫಸಲ್ ಬಿಮಾ ಪರಿಹಾರಕ್ಕೆ ಹೇಗೆ ಕುತ್ತು ಬರುತ್ತದೆಯೋ, ಇಲ್ಲಿಯೂ ಹಾಗೆಯೇ. ಬಿದ್ದ ಕೂಡಲೇ ಪಾಲಿಸಿಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕ್ಲೇಮಿನ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಇಳಿಜಾರಿನ ರಕ್ಷಣಾ ಸಿಬ್ಬಂದಿಯ ವರದಿ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಮೂಲ ಬಿಲ್ಲುಗಳು, ಹಣ ಕಟ್ಟಿದ ರಸೀದಿಗಳು ಇಷ್ಟನ್ನು ಬಿಡದೆ ತರಬೇಕು. ಬೋರ್ಡಿಂಗ್ ಪಾಸುಗಳನ್ನೂ ಎಸೆಯಬೇಡಿರಿ, ಏಕೆಂದರೆ ಷೆಂಗೆನ್ ಗಡಿಗಳಲ್ಲಿ 2025ರ ಅಕ್ಟೋಬರಿನಿಂದ ಪಾಸ್‌ಪೋರ್ಟಿನ ಮುದ್ರೆಯ ಬದಲು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಹಂತಹಂತವಾಗಿ ಬಂದಿದೆ, ಹೋಗಿ ಬಂದ ದಿನಾಂಕಕ್ಕೆ ಮುದ್ರೆಯ ಪುರಾವೆ ಸಿಗದಿರಬಹುದು.

ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಿದರೆ ಸುಮ್ಮನೆ ಕೂಡಬಾರದು. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮರುಪ್ರಶ್ನೆ: ಸೇಡಂ ರಸ್ತೆ, ಕಲಬುರಗಿ

ಮೂವರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಏಜೆಂಟರ ಪಾಲಿಸಿಯ ನಿಯಮಾವಳಿಯನ್ನು ಇಳಿಸಿಕೊಂಡು ಓದಿದೆ. ಚಳಿಗಾಲದ ಕ್ರೀಡೆಗಳೆಲ್ಲ ಹೊರಗಿವೆ. ಆದ್ದರಿಂದ ಆಡ್-ಆನ್ ಇರುವ ಬೇರೆ ಎರಡು ಕಂಪನಿಗಳಿಗೆ ಹೀಗೆ ಇಮೇಲ್ ಬರೆದಿದ್ದೇನೆ: ‘ಇಟಲಿ ಮತ್ತು ಆಸ್ಟ್ರಿಯಾದ ಗುರುತು ಹಾಕಿದ ಇಳಿಜಾರುಗಳಲ್ಲಿ ಹವ್ಯಾಸಕ್ಕಾಗಿ ಸ್ನೋಬೋರ್ಡಿಂಗ್ ಮಾಡುವಾಗ, ಬೋಧಕರು ಜೊತೆಯಲ್ಲಿದ್ದಾಗಲೂ ಇಲ್ಲದಿದ್ದಾಗಲೂ ಆಗುವ ಗಾಯದ ಚಿಕಿತ್ಸೆ, ಹೆಲಿಕಾಪ್ಟರ್ ರಕ್ಷಣೆ ಮತ್ತು ಭಾರತಕ್ಕೆ ಮರಳಿಸುವ ವೆಚ್ಚವನ್ನು ಈ ಪಾಲಿಸಿ ಭರಿಸುತ್ತದೆಯೇ? ಯಾವ ನಿಯಮದ ಪ್ರಕಾರ ಎಂದು ತಿಳಿಸಿರಿ.’ ಇನ್ನು ಮನೆಯ ಫ್ಲೋಟರ್ ಪಾಲಿಸಿಯ ವಿಚಾರವೊಂದೇ ಉಳಿದಿದೆ.

ಉತ್ತರ: ಕಾರಂಜಾ, ಬೀದರ

ಪತ್ರ ಸರಿಯಾಗಿದೆ. ಫೋನಿನಲ್ಲಿ ಉತ್ತರ ಹೇಳಿದರೆ ಒಪ್ಪದೆ ಇಮೇಲಿನಲ್ಲೇ ಕೇಳಿರಿ, ಅದನ್ನು ಮುದ್ರಿಸಿ ಪಾಲಿಸಿಯ ಜೊತೆಗಿಡಿರಿ.

ಸಾಮಾನ್ಯ ಫ್ಲೋಟರ್ ಪಾಲಿಸಿಗಳು ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಇರುವಂಥವು, ಆದ್ದರಿಂದ ಇಟಲಿಯ ಬಿಲ್ಲಿಗೆ ಅದು ಬರುವುದಿಲ್ಲ. ಆದರೆ ಊರಿಗೆ ಮರಳಿ ಬಂದ ಮೇಲೆ ಆಸ್ಪತ್ರೆಗೆ ಸೇರಬೇಕಾದರೆ ಉಪಯೋಗಕ್ಕೆ ಬರುತ್ತದೆ. ವಿಮಾ ಪ್ರಾಧಿಕಾರವು ಆರೋಗ್ಯ ವಿಮೆಗಳಿಗೆ ನಿಗದಿಪಡಿಸಿದ ‘ಎಕ್ಸ್‌ಕ್ಲ್ 09’ ಎಂಬ ಸಂಕೇತದ ಷರತ್ತು ವೃತ್ತಿಪರರಾಗಿ ಸಾಹಸ ಕ್ರೀಡೆಯಲ್ಲಿ ತೊಡಗಿದವರನ್ನು ಮಾತ್ರ ಹೊರಗಿಡುತ್ತದೆ. ರಜೆಗೆ ಹೋಗಿ ಕಲಿತವರನ್ನಲ್ಲ. ನಿಮ್ಮ ಪಾಲಿಸಿಯಲ್ಲಿಯೂ ಅದೇ ಸಂಕೇತ ಇದೆಯೇ ಎಂದು ನೋಡಿಕೊಂಡು, ನವೀಕರಣದ ದಿನಾಂಕ ಪ್ರವಾಸದ ನಡುವೆ ಬೀಳುವಂತಿದ್ದರೆ ಹೊರಡುವ ಮೊದಲೇ ಪ್ರೀಮಿಯಂ ಕಟ್ಟಿಬಿಡಿರಿ.