80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ: ರ‍್ಯಾಕ್ ಬದಲಿಸಲೇಬೇಕೆ?

ಪ್ರಶ್ನೆ (ಕೆಂಗೇರಿಯ ಸದಸ್ಯರು):
ನಮಸ್ಕಾರ ಸರ್. ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಊರೊಳಗೆ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಆದರೆ ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆಗೆ ಹೋಗುವಾಗ ವೇಗ 80 ಕಿ.ಮೀ. ದಾಟಿತೆಂದರೆ ಸ್ಟೀರಿಂಗ್ ಎಡಬಲಕ್ಕೆ ಸಣ್ಣಗೆ ನಡುಗತೊಡಗುತ್ತದೆ. 100ರ ಹತ್ತಿರ ಹೋದರೆ ಸ್ವಲ್ಪ ತಗ್ಗುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ್ದ ಗುಂಡಿಯೊಂದಕ್ಕೆ ಮುಂದಿನ ಎಡಚಕ್ರ ಜೋರಾಗಿ ಇಳಿದಿತ್ತು, ಅಲ್ಲಿಂದಾಚೆಗೆ ಹೀಗಾಗಿದೆ. ಅಲೈನ್‌ಮೆಂಟ್ ಮಾಡಿಸಿದರೂ ಪ್ರಯೋಜನವಾಗಲಿಲ್ಲ. ಗ್ಯಾರೇಜಿನವರೊಬ್ಬರು ಸ್ಟೀರಿಂಗ್ ರ‍್ಯಾಕ್ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ?

ಉತ್ತರ:
ದಯವಿಟ್ಟು ಈಗಲೇ ರ‍್ಯಾಕಿಗೆ ಹಣ ಸುರಿಯಬೇಡಿ. ಅದು ಸ್ಟೀರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಭಾಗ. ರ‍್ಯಾಕ್ ಸವೆದಿದ್ದರೆ ಹಾಳಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗಲೂ ಕಟಕಟ ಸದ್ದು ಬರುತ್ತದೆ, ಸ್ಟೀರಿಂಗಿನಲ್ಲಿ ಸಡಿಲು ಕಾಣಿಸುತ್ತದೆ. ನೀವು ಹೇಳಿದಂತೆ ಒಂದು ವೇಗದಲ್ಲಿ ಹುಟ್ಟಿ, ಇನ್ನೂ ಮೇಲೆ ಹೋದಾಗ ತಗ್ಗುವ ನಡುಕ ಹೆಚ್ಚಿನ ಮಟ್ಟಿಗೆ ಮುಂದಿನ ಚಕ್ರಗಳದ್ದು. ಹಿಂದಿನ ಚಕ್ರದ ದೋಷವಾಗಿದ್ದರೆ ಅದು ಸ್ಟೀರಿಂಗಿಗಿಂತ ಸೀಟಿನಲ್ಲಿ ಹೆಚ್ಚು ತಿಳಿಯುತ್ತಿತ್ತು.

ಅಲೈನ್‌ಮೆಂಟ್‌ನಿಂದ ಏಕೆ ಗುಣವಾಗಲಿಲ್ಲ ಎಂದರೆ, ಅಲ್ಲಿ ಸರಿಪಡಿಸುವುದು ಚಕ್ರಗಳು ನಿಂತಿರುವ ಕೋನಗಳನ್ನು. ಅವು ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ನಡುಕಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮನಾಗಿರುವಂತೆ ಸೀಸ ಅಥವಾ ಸತುವಿನ ತುಂಡುಗಳನ್ನು ರಿಮ್ಮಿಗೆ ಹಚ್ಚುವ ಕೆಲಸ. ನಿಮ್ಮಂಥ ಕಾರಿನ ಚಕ್ರ 90 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಕೇವಲ 30 ಗ್ರಾಂ ಹೆಚ್ಚುಕಮ್ಮಿಯಾದರೂ ಆ ವೇಗದಲ್ಲಿ ಅದು ಸುಮಾರು ಮೂರೂವರೆ ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಸುತ್ತುಸುತ್ತಿಗೂ ಹೊರಕ್ಕೆ ಜಗ್ಗುತ್ತದೆ; ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುವುದರಿಂದ ಊರೊಳಗೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಸಸ್ಪೆನ್ಷನ್ನಿನ ಸಹಜ ಕಂಪನವೂ ಆ 13ರ ಆಸುಪಾಸಿನಲ್ಲೇ ಇರುವುದರಿಂದ 80–100ರ ನಡುವೆ ಎರಡೂ ಕೂಡಿಕೊಂಡು ನಡುಕ ದೊಡ್ಡದಾಗುತ್ತದೆ, ಅದನ್ನು ದಾಟಿದ ಮೇಲೆ ತಗ್ಗುತ್ತದೆ.

ಟೈರ್ ಅಂಗಡಿಯಲ್ಲಿ ನೀವು ಪಕ್ಕದಲ್ಲೇ ನಿಂತು ನೋಡಿ. ಮೊದಲು ರಿಮ್ಮಿನ ಒಳಭಾಗದಲ್ಲಿ ಅಂಟಿರುವ ಒಣಮಣ್ಣನ್ನು ಕೆರೆದು, ಹಳೆಯ ತೂಕಗಳನ್ನೆಲ್ಲ ಕೀಳಿಸಿ. ಎಷ್ಟೋ ಸಲ ಆ ಮಣ್ಣೇ ನಡುಕಕ್ಕೆ ಕಾರಣವಾಗಿರುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಚಕ್ರ ತಿರುಗುವಾಗ ಅದು ತೋರಿಸುವ ತೂಕದ ಅಂಕಿಗಿಂತ ಮೊದಲು ರಿಮ್ಮಿನ ಒಳ ಅಂಚನ್ನು ಗಮನಿಸಿ. ಗುಂಡಿಯ ಪೆಟ್ಟು ಹೆಚ್ಚಾಗಿ ಬೀಳುವುದು ಅಲ್ಲಿಗೇ, ಗಾಡಿಯಲ್ಲಿ ಚಕ್ರವಿದ್ದಾಗ ಅದು ಹೊರಗಿನಿಂದ ಕಾಣುವುದಿಲ್ಲ. ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ ಒಳಗಿನ ನೂಲು ಹರಿದಿದೆ ಎಂದರ್ಥ. ಅಂಥ ಟೈರನ್ನು ಮತ್ತೆ ಹೆದ್ದಾರಿಗೆ ಒಯ್ಯಲೇಬಾರದು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ತಾವು ಹೇಳಿದಂತೆ ನಿಂತು ನೋಡಿದೆ. ಎಡಚಕ್ರದ ಒಳ ಅಂಚು ತಿರುಗುವಾಗ ಓಲಾಡುತ್ತಿತ್ತು. ಯಂತ್ರ ಆ ಒಂದು ಬದಿಗೇ 60 ಗ್ರಾಂ ಕೇಳಿತು, ಅಂಗಡಿಯವರು ಹಚ್ಚಿದರು. ನಡುಕ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ರಿಮ್ ಉಕ್ಕಿನದು.

ಉತ್ತರ:
ಹಾಗಾದರೆ ದೋಷ ಸಿಕ್ಕಿದೆ. ಓಲಾಡುವ ರಿಮ್ಮಿಗೆ ತೂಕ ಹಚ್ಚಿದರೆ ಭಾರ ಸಮನಾಗಬಹುದು, ಆದರೆ ಚಕ್ರದ ಆಕಾರ ಸರಿಯಾಗುವುದಿಲ್ಲ. ಉಳಿದಿರುವ ನಡುಕ ಅದರದ್ದೇ. ಉಕ್ಕಿನ ರಿಮ್ಮನ್ನು ರಿಮ್ ಬೆಂಡ್ ತೆಗೆಯುವವರಲ್ಲಿ ನೇರ ಮಾಡಿಸಬಹುದು, ಆಮೇಲೆ ಹೊಸದಾಗಿ ಬ್ಯಾಲೆನ್ಸ್ ಮಾಡಿಸಿ. ಅಲಾಯ್ ರಿಮ್ಮಾಗಿದ್ದು ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸದೆ ಬದಲಿಸಿ ಎಂದೇ ನಾನು ಹೇಳುತ್ತಿದ್ದೆ. ಅಲ್ಲಿಯವರೆಗೆ ಆ ಚಕ್ರವನ್ನು ಹಿಂದಕ್ಕೆ ಹಾಕಿ, ಹಿಂದಿನದನ್ನು ಮುಂದಕ್ಕೆ ತಂದು ಓಡಿಸಿ ನೋಡಿ: ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ಈ ನಡುಕಕ್ಕೆ ಬೇರೆ ಯಾವ ಭಾಗವನ್ನೂ ಅನುಮಾನಿಸಬೇಕಾಗಿಲ್ಲ.

ಗಾಡಿಯನ್ನು ಮೇಲೆತ್ತಿದಾಗ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿಸಿ, ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿಸಿ. ಮೊದಲನೆಯದರಲ್ಲಿ ಸಡಿಲು ಕಂಡರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿಯ ಕೀಲು), ಎರಡನೆಯದರಲ್ಲಿ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡುಕೀಲು) ಅಥವಾ ಚಕ್ರದ ಬೇರಿಂಗ್ ಎಂದು ತಿಳಿಯಬಹುದು. ಅಷ್ಟು ಜೋರಾಗಿ ಗುಂಡಿಗೆ ಬಿದ್ದ ಗಾಡಿಗೆ ಈ ಪರೀಕ್ಷೆ ಬೇಕೇ ಬೇಕು.

ಮತ್ತೊಬ್ಬ ಸದಸ್ಯೆ (ಯಲಹಂಕ):
ನನ್ನ ಕಾರಿನಲ್ಲಿ ಸ್ಟೀರಿಂಗ್ ನಡುಗುವುದು ಬ್ರೇಕ್ ಒತ್ತಿದಾಗ ಮಾತ್ರ. ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ ಹೆಚ್ಚು. ಪೆಡಲೂ ಕಾಲಿಗೆ ತಟ್ಟುತ್ತದೆ. ಇದಕ್ಕೂ ಬ್ಯಾಲೆನ್ಸಿಂಗ್ ಸಾಕೇ?

ಉತ್ತರ:
ಸಾಲದು ಮೇಡಂ. ಬ್ರೇಕಿಗೆ ಮಾತ್ರ ಬರುವ ನಡುಕದ ಮೂಲ ಹೆಚ್ಚಾಗಿ ಮುಂದಿನ ಬ್ರೇಕ್ ಡಿಸ್ಕುಗಳಲ್ಲಿ, ಅಂದರೆ ಚಕ್ರದೊಂದಿಗೆ ತಿರುಗುವ, ಬ್ರೇಕ್ ಒತ್ತಿದಾಗ ಪ್ಯಾಡುಗಳು ಹಿಡಿಯುವ ತಟ್ಟೆಗಳಲ್ಲಿರುತ್ತದೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಆಗಿರಬೇಕು. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಷ್ಟು ಸಣ್ಣ ವ್ಯತ್ಯಾಸವೂ ಪೆಡಲಿಗೆ ತಿಳಿಯುತ್ತದೆ. ದಪ್ಪವನ್ನು ಹಲವು ಕಡೆ ಅಳೆಸಿ. ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಲೇತ್‌ನಲ್ಲಿ ಸವರಿದ ಮೇಲೂ ಅದಕ್ಕಿಂತ ಹೆಚ್ಚು ಉಳಿಯುವುದಾದರೆ ಮಾತ್ರ ಸವರಿಸಿ, ಇಲ್ಲವಾದರೆ ಎರಡೂ ಬದಿಯ ಡಿಸ್ಕುಗಳನ್ನು ಪ್ಯಾಡ್ ಸಮೇತ ಬದಲಿಸಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿದಾಡುವ ಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ ಹೊಸ ಡಿಸ್ಕೂ ಬೇಗ ಹಾಳಾಗುತ್ತದೆ, ಆದ್ದರಿಂದ ಅವನ್ನು ಬಿಚ್ಚಿಸಿ, ಗ್ರೀಸ್ ಹಾಕಿಸಿ. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಭಾಗದ) ಮುಖದ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದೆ ಡಿಸ್ಕ್ ಕೂರಿಸಿದರೆ ಅದು ಓರೆಯಾಗಿಯೇ ಕೂರುತ್ತದೆ.

ಇಬ್ಬರಿಗೂ ಒಂದು ಮಾತು: ಚಕ್ರ ಬಿಚ್ಚಿ ಹಾಕುವಾಗ ನಟ್ಟುಗಳನ್ನು ಒಂದಾದ ಮೇಲೆ ಅದರ ಪಕ್ಕದ್ದು ಎಂಬಂತೆ ಅಲ್ಲದೆ ಎದುರುಬದುರಾಗಿ ಬಿಗಿಯಬೇಕು, ಕೊನೆಯ ಬಿಗಿತ ಗಾಳಿ ಗನ್ನಿನಿಂದಲ್ಲದೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಆಗಬೇಕು, ಎಷ್ಟು ಬಿಗಿಯಬೇಕೆಂಬ ಅಂಕಿ ಗಾಡಿಯ ಕೈಪಿಡಿಯಲ್ಲಿರುತ್ತದೆ. ಚಕ್ರ ಬಿಚ್ಚಿ ಹಾಕಿಸಿದ ಹೊಸದರಲ್ಲೇ ನಡುಕ ಇದ್ದಕ್ಕಿದ್ದಂತೆ ಹುಟ್ಟಿಕೊಂಡರೆ ನಟ್ಟು ಸಡಿಲಾಗಿರಬಹುದು. ಮನೆ ತಲುಪುವವರೆಗೆ ಕಾಯದೆ ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಿ, ಬಿಗಿ ನೋಡಿಯೇ ಮುಂದೆ ಹೊರಡಿ.