ಹೋಟೆಲಿಗೂ ಮನೆಗೂ ನಡುವೆ ಎಂಥ ಮರೆ ಬೇಕು? ಅನುಭವ ಇದ್ದವರು ಹೇಳಿ

ನಮ್ಮ ಬಡಾವಣೆ ಸಂಘದಿಂದ ಬೆಂಗಳೂರಿನ ಮುಂದಿನ ಮಾಸ್ಟರ್ ಪ್ಲಾನ್‌ಗೆ (ಎಲ್ಲಿ ಮನೆ, ಎಲ್ಲಿ ಅಂಗಡಿ ಅಂತ ನಿಗದಿ ಮಾಡುವ ನಗರ ಯೋಜನೆ) ಸಲಹೆ ಬರೆಯುತ್ತಿದ್ದೇವೆ. ಮನೆಗಳ ಪಕ್ಕ ಹೋಟೆಲು, ಪಬ್ಬು, ವರ್ಕ್‌ಶಾಪ್ ಬಂದರೆ ನಡುವೆ ಮರೆ ಕಡ್ಡಾಯ ಮಾಡಿ ಅಂತ ಕೇಳಬೇಕು. ಗೋಡೆ ಕೇಳೋಣವಾ, ಗಿಡದ ಸಾಲು ಕೇಳೋಣವಾ? ಎಷ್ಟು ಎತ್ತರ?

ಉತ್ತರ 1

ಮೇಡಂ, ನಾವು ಜಯನಗರದವರು. ಆರು ವರ್ಷದ ಹಿಂದೆ ಪಕ್ಕದ ಮನೆ ತಿಂಡಿ ಹೋಟೆಲ್ ಆಯಿತು. ನಾವು ತಕರಾರು ಮಾಡಿದ್ದಕ್ಕೆ ಕಾಂಪೌಂಡ್ ಮೇಲೆ ಎಂಟಡಿ ತನಕ ತಗಡು ನಿಲ್ಲಿಸಿದರು. ಅಂಗಳದಲ್ಲಿ ನಿಂತರೆ ಹೋಟೆಲ್ ಕಾಣಿಸುತ್ತಿರಲಿಲ್ಲ, ನಿಜ. ಆದರೆ ಎಕ್ಸಾಸ್ಟ್ ಫ್ಯಾನಿನ ಬಾಯಿ ಅದಕ್ಕಿಂತ ಮೇಲೆ, ಮಹಡಿಯಲ್ಲಿ ಅಮ್ಮ ಮಲಗುವ ಕೋಣೆಗೆ ನೇರ ಎದುರಿಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಗ್ರೈಂಡರ್ ಶುರು. ಅದರ ಜೊತೆ ತಗಡೂ ಗಡಗಡ. ಐದೂವರೆಗೆ ಒಗ್ಗರಣೆ ಘಾಟು. ಅಮ್ಮ ಕಿಟಕಿ ಸಂದಿಗೆ ಹಳೇ ಸೀರೆ ತುರುಕಿ ಮಲಗುತ್ತಿದ್ದರು. ಸೊಳ್ಳೆ ಜಾಲರಿಗೆ ಬೆರಳಿಟ್ಟರೆ ಜಿಡ್ಡು ಅಂಟುತ್ತಿತ್ತು.

ಆಮೇಲೆ ನಾವೇ ಸಾಲಾಗಿ ಅಶೋಕ ಗಿಡ ಹಾಕಿಸಿದೆವು. ನೋಡೋಕೆ ಚೆಂದ, ಧೂಳೂ ಸ್ವಲ್ಪ ತಡೆಯಿತು. ಸದ್ದು ಮಾತ್ರ ಹಾಗೇ ಇತ್ತು. ಎಲೆ ಸಂದಿಯಿಂದ ಸದ್ದು ಸಲೀಸಾಗಿ ಬರುತ್ತೆ. ಅದಕ್ಕೆ ಬಿರುಕಿಲ್ಲದ, ಭಾರವಾದ ಗೋಡೆಯೇ ಬೇಕು, ಅದೂ ಸದ್ದು ಹುಟ್ಟುವ ಜಾಗವನ್ನು ನಮ್ಮ ಕಿಟಕಿಗೆ ಕಾಣದಂತೆ ಮುಚ್ಚಬೇಕು.

ಕೊನೆಗೆ ಮಾಲೀಕರ ಜೊತೆ ಕೂತು ಮಾತಾಡಿದೆವು. ಅಮ್ಮ ಅವರನ್ನು ಮೇಲೆ ಕರೆದು ಕಿಟಕಿ ಹತ್ತಿರ ಹತ್ತು ನಿಮಿಷ ಕೂರಿಸಿದರು. ಅವರು ಹೊಗೆ ಕೊಳವೆಯನ್ನು ತಾರಸಿಗಿಂತ ಮೇಲಕ್ಕೆ ಎತ್ತಿಸಿ ರಸ್ತೆ ಕಡೆ ತಿರುಗಿಸಿದರು. ಗ್ರೈಂಡರ್ ಮುಂದಿನ ಕೋಣೆಗೆ ಹೋಯಿತು, ಅದರ ಕೆಳಗೆ ರಬ್ಬರ್ ದಿಂಡು ಬಂತು. ತಗಡು ಕಿತ್ತು ಇಟ್ಟಿಗೆ ಗೋಡೆ ಕಟ್ಟಿಸಿದರು. ಅಮ್ಮ ಈಗ ಕಿಟಕಿ ತೆರೆದು ಮಲಗುತ್ತಾರೆ.

ಹಾಗಾಗಿ ಮೊದಲು ಎತ್ತರ ಕೇಳಬೇಡಿ. ಎಕ್ಸಾಸ್ಟ್, ಜನರೇಟರ್, ಎಸಿ ಯಂತ್ರ, ಕಸದ ಡ್ರಮ್ಮು ಮನೆ ಕಡೆಯ ಗೋಡೆಗೆ ಬರಬಾರದು ಅಂತ ಕೇಳಿ. ಮರೆ ಅದಾದ ಮೇಲೆ. ಮರೆಯನ್ನು ನೆಲದಿಂದಲ್ಲ, ಪಕ್ಕದ ಮನೆಯ ಮಹಡಿ ಕಿಟಕಿಯಿಂದ ನೋಡಿ ನಿಗದಿ ಮಾಡಬೇಕು. 2000ರ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಎರಡೂ ಸೇರುವ ಗಡಿಯಲ್ಲಿ ವಸತಿ ಪ್ರದೇಶದ ಮಿತಿಯೇ ನಡೆಯಬೇಕು ಅಂತ ಸ್ಪಷ್ಟವಾಗಿ ಬರೆಯಿರಿ.

ಉತ್ತರ 2

ನಾನು ಮನೆ ನಕ್ಷೆ ಮಾಡಿಕೊಡುವವನು. ಒಂದು ಮಾತು ಸೇರಿಸುತ್ತೇನೆ. ನಕ್ಷೆ ಮಂಜೂರಾತಿಗೆ ಮಾತ್ರ ನಿಯಮ ಹಾಕಿದರೆ ಹೊಸ ಕಟ್ಟಡಗಳಷ್ಟೇ ಅದರ ಹಿಡಿತಕ್ಕೆ ಸಿಗುತ್ತವೆ. ನಮ್ಮ ತೊಂದರೆ ಜಾಸ್ತಿ ಬರುವುದು ಇದ್ದ ಮನೆಯೇ ಅಂಗಡಿ ಆದಾಗ. ಅಲ್ಲಿ ಯಾರೂ ಹೊಸ ನಕ್ಷೆ ಕೊಡೋದೇ ಇಲ್ಲ. ಟ್ರೇಡ್ ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ಮರೆ ಇದೆಯಾ ನೋಡಬೇಕು ಅಂತ ಕೇಳಿ. 30×40 ಅಡಿ ಸೈಟುಗಳಿಗೆ ಗಿಡ ನೆಡುವ ಹಸಿರು ಪಟ್ಟಿ ಕೇಳಬೇಡಿ, ಮೂರಡಿ ಜಾಗ ಉಳಿದಿದ್ದರೆ ಅದೇ ದೊಡ್ಡದು.

ಸಮಯ ನೋಡಿಕೊಳ್ಳಿ. 2031ರ ತನಕದ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಬಂದಾಗ ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಆಮೇಲೆ ಆ ಕರಡನ್ನೇ ಕೈಬಿಟ್ಟರು. ಮುಂದಿನ ಸಲ ಕರಡು ಬಂದಮೇಲೆ ಬರೆಯೋಣ ಅಂತ ಕೂರಬೇಡಿ.

ಉತ್ತರ 3

ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಎಷ್ಟೋ ಊರುಗಳಲ್ಲಿ ಅಂಗಡಿಗೂ ಮನೆಗೂ ನಡುವೆ ಆರಡಿ ಗಟ್ಟಿ ಬೇಲಿ, ಜೊತೆಗೆ ಗಿಡದ ಪಟ್ಟಿ ಕಡ್ಡಾಯ. ಗಿಡ ಸತ್ತರೆ ಅಂಗಡಿಯವರೇ ಮತ್ತೆ ನೆಡಬೇಕು. ಈ ಕೊನೆಯದನ್ನು ಬಿಡಬೇಡಿ. ನಮ್ಮ ಬೀದಿಯಲ್ಲಿ ಒಬ್ಬರು ಬಿದಿರು ನೆಟ್ಟು ಒಂದು ಬೇಸಿಗೆಗೆ ನೀರು ಬಿಟ್ಟರು, ಈಗ ಬರೀ ಕುಂಡ ನಿಂತಿವೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವು ಬರೆದಿದ್ದ ಕರಡಿನಲ್ಲಿ ಇದ್ದದ್ದೇ ಒಂದು ಸಾಲು, ‘ಎಂಟಡಿ ಗೋಡೆ’ ಅಂತ. ಅದನ್ನು ಹೊಡೆದುಹಾಕಿದೆ. ಭಾನುವಾರ ಹೋಟೆಲ್ ಪಕ್ಕದ ನಾಲ್ಕು ಮನೆಗೆ ಹೋಗಿ, ಮಹಡಿ ಕಿಟಕಿಯ ಒಳಗಡೆಯಿಂದಲೇ ಫೋಟೋ ತೆಗೆದು ಮನವಿ ಜೊತೆ ಇಡುತ್ತೇವೆ.